39 ಅಂಕೆಯ ಅವಿಭಾಜ್ಯ ಸಂಖ್ಯೆಯ ಮುಂದೆ ಪಾರಿ/ಜಿಪಿ: ಗಣಿತ ಮೇಳದ ತಯಾರಿಯಲ್ಲಿರುವವರಿಗಾಗಿ ಒಂದು ವಿಮರ್ಶೆ

ನಂಬರ್ ಚಾರ್ಟಿನಲ್ಲಿ ದೊಡ್ಡ ಅವಿಭಾಜ್ಯ ಸಂಖ್ಯೆಯೊಂದನ್ನು ಬರೆದಿಟ್ಟರೆ ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆ ಗೊತ್ತೇ ಇದೆ: ಇದು ಅವಿಭಾಜ್ಯ ಅಂತ ಹೇಗೆ ಹೇಳ್ತೀ? ‘ಗೂಗಲ್‌ನಲ್ಲಿ ಸಿಕ್ಕಿತು’ ಎಂದರೆ ಅಂಕ ಅಲ್ಲಿಗೇ ಕೈಬಿಟ್ಟಿತು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇದಕ್ಕೆ ಬೇಕಾದ ಯಂತ್ರ ಈಗಾಗಲೇ ಕಂಪ್ಯೂಟರ್ ಲ್ಯಾಬಿನಲ್ಲಿದೆ. ಕೇರಳದ ಶಾಲೆಗಳ ಐಟಿ ಸಂಸ್ಥೆಯಾದ ಕೈಟ್ ಕೊಟ್ಟಿರುವ ಉಬುಂಟು ಆಧಾರಿತ ಲ್ಯಾಪ್‌ಟಾಪು ಸಾಕು. ಅದರ ಮೇಲೆ ಓಡುವ ಪಾರಿ/ಜಿಪಿ ಎಂಬ ಉಚಿತ ತಂತ್ರಾಂಶ ಇಲ್ಲಿಯ ವಿಮರ್ಶೆಯ ವಸ್ತು. ಒರೆಗೆ ಹಚ್ಚಲು ಹಿಡಿದ ಸಂಖ್ಯೆ 2^127-1, ಅಂದರೆ 2ರ 127ನೇ ಘಾತದಿಂದ 1 ಕಳೆದದ್ದು. ಬಿಡಿಸಿ ಬರೆದರೆ 170141183460469231731687303715884105727.

ಈ ಸಂಖ್ಯೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಫ್ರಾನ್ಸಿನ ಎಡ್ವಾರ್ಡ್ ಲ್ಯೂಕಾ 1876ರಲ್ಲಿ ಇದನ್ನು ಅವಿಭಾಜ್ಯವೆಂದು ತೋರಿಸಿದ. 1951ರಲ್ಲಿ ಫೆರಿಯೆ ಎಂಬವನು ಮೇಜಿನ ಮೇಲಿನ ಯಾಂತ್ರಿಕ ಲೆಕ್ಕಯಂತ್ರ ಹಿಡಿದು (2^148+1)/17 ಎಂಬ 44 ಅಂಕೆಯ ಸಂಖ್ಯೆಯನ್ನು ಸಾಧಿಸುವವರೆಗೆ, ಅಂದರೆ 75 ವರ್ಷ, ಗೊತ್ತಿದ್ದ ಅವಿಭಾಜ್ಯಗಳಲ್ಲಿ ಇದೇ ದೊಡ್ಡದು. ಹೆಸರು ಕೇಳದವರಿಲ್ಲ, ಗುಣಗಳು ಬೇಕಾದಷ್ಟಿವೆ, ಚಾರ್ಟಿನ ಒಂದೇ ಸಾಲಿನಲ್ಲಿ ಹಿಡಿಯುತ್ತದೆ.

ಮೊದಲು, ಕೈಯಲ್ಲಿರುವ ಬೇರೆ ಸಲಕರಣೆಗಳು ಎಲ್ಲಿ ಕೈಕೊಡುತ್ತವೆ ಎಂದು ನೋಡಿಬಿಡೋಣ. ಕ್ಯಾಸಿಯೋ 991 ಸರಣಿಯ ಕ್ಯಾಲ್ಕ್ಯುಲೇಟರಿನಲ್ಲಿ ‘ಫ್ಯಾಕ್ಟ್’ ಎಂಬ ಸೌಲಭ್ಯವಿದೆ. ಹತ್ತು ಅಂಕೆಯವರೆಗಿನ ಸಂಖ್ಯೆಯನ್ನಷ್ಟೇ ಅದು ತೆಗೆದುಕೊಳ್ಳುತ್ತದೆ, ಮೂರಂಕೆಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡುತ್ತದೆ, ಉಳಿದದ್ದು ದೊಡ್ಡದಾಗಿದ್ದರೆ ಆವರಣದೊಳಗೆ ಹಾಕಿ ಕೈತೊಳೆದುಕೊಳ್ಳುತ್ತದೆ. 1026169 ಕೊಟ್ಟು ನೋಡಿ: ಉತ್ತರ (1026169). 1013ರ ವರ್ಗ ಅದು. 2147483647 ಕೊಟ್ಟರೂ ಹಾಗೆಯೇ ಆವರಣ, ಆದರೆ ಇದು ನಿಜಕ್ಕೂ ಅವಿಭಾಜ್ಯ. ಆವರಣದ ಅರ್ಥ ‘ನನ್ನಿಂದಾಗದು’ ಎಂದಷ್ಟೇ. ಅದನ್ನು ‘ಅವಿಭಾಜ್ಯ’ ಎಂದು ಓದಿಕೊಳ್ಳುವ ಮಕ್ಕಳು ಮಾತ್ರವಲ್ಲ, ಮಾಷ್ಟ್ರುಗಳೂ ಇದ್ದಾರೆ.

ಸ್ಪ್ರೆಡ್‌ಶೀಟಿನ ಅಪಾಯ ಇನ್ನೂ ಹೆಚ್ಚು. ಸುಮಾರು 15 ಅಂಕೆಯಾಚೆಗಿನದನ್ನು ಅದು ಸರಿಯಾಗಿ ಇಟ್ಟುಕೊಳ್ಳುವುದಿಲ್ಲ. 1.70141183460469 ಎಂದು ಶುರುವಾಗಿ ಹತ್ತರ 38ನೇ ಘಾತದಲ್ಲಿ ಮುಗಿಯುವ ಉತ್ತರ ಕೊಡುತ್ತದೆ. ಕೊನೆಯ 24 ಅಂಕೆಗಳು ಮಾಯ, ಕೊನೆಯ ಒಂದನ್ನು ಕಳೆದದ್ದೂ ಮಾಯ. ಅದರಿಂದ ತೆಗೆದ ಶೇಷಕ್ಕೆ ಬೆಲೆಯಿಲ್ಲ. ಪೈಥಾನ್ ಪರವಾಗಿಲ್ಲ, ಪೂರ್ಣಾಂಕ ಎಷ್ಟು ಉದ್ದವಿದ್ದರೂ ತಪ್ಪುವುದಿಲ್ಲ. ಆದರೆ ಅವಿಭಾಜ್ಯವೇ ಎಂದು ಹೇಳುವ ಸಿದ್ಧ ಆಜ್ಞೆ ಅದರ ಮೂಲ ಗ್ರಂಥಾಲಯದಲ್ಲಿಲ್ಲ. ಸಿಂಪೈ ಎಂಬ ಗಣಿತದ ಗ್ರಂಥಾಲಯವನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಲ್ಯಾಪ್‌ಟಾಪಿನಲ್ಲಿ ಏನೂ ಸೇರಿಸದೆ ಸಿಗುವುದು ಟರ್ಮಿನಲ್ಲಿನ ‘ಫ್ಯಾಕ್ಟರ್’ ಆಜ್ಞೆ. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ ಟರ್ಮಿನಲ್ ತೆರೆದು, ಫ್ಯಾಕ್ಟರ್ ಎಂದು ಬರೆದು, ಜಾಗ ಬಿಟ್ಟು ಸಂಖ್ಯೆಯನ್ನು ಪೂರ್ತಿ ಕೊಡಬೇಕು. 2^127-1 ಎಂಬ ರೂಪ ಅದಕ್ಕೆ ತಿಳಿಯದು. 147573952589676412927 ಕೊಟ್ಟರೆ ಕೂಡಲೇ 193707721, 761838257287 ಎಂದು ಒಡೆದು ಕೊಡುತ್ತದೆ. ಇದು 2^67-1. ಇದೇ ರೂಪದ ಅವಿಭಾಜ್ಯಗಳ 1644ರ ತನ್ನ ಪಟ್ಟಿಯಲ್ಲಿ ಫ್ರಾನ್ಸಿನ ಮರ್ಸೆನ್ ಇದನ್ನು ಅವಿಭಾಜ್ಯವೆಂದೇ ಸೇರಿಸಿದ್ದ; ಅಪವರ್ತನ ಸಿಕ್ಕಿದ್ದು 1903ರಲ್ಲಿ, ಕೋಲ್ ಎಂಬವನಿಗೆ. ಈ ಆಜ್ಞೆ ನೆಚ್ಚಿರುವುದು ಪೊಲಾರ್ಡನ ರೋ ವಿಧಾನವನ್ನು. ಒಂದು ಅಪವರ್ತನ ಚಿಕ್ಕದಾಗಿದ್ದರೆ ಓಡುತ್ತದೆ, ಎರಡೂ ದೊಡ್ಡದಾಗಿದ್ದರೆ ತೆವಳುತ್ತದೆ. 2^128+1ರ ಅಪವರ್ತನಗಳು 59649589127497217 ಮತ್ತು 5704689200685129054721. ಇಂಥಲ್ಲಿ ಇದು ಕಾಯಿಸುತ್ತದೆ, ಪಾರಿ ಮಾತ್ರ ಕಾಯಿಸುವುದಿಲ್ಲ. ಗುಣಗಳನ್ನು ಕೇಳಲು ಇಲ್ಲಿ ದಾರಿಯೇ ಇಲ್ಲ, ಒಡೆದು ಕೊಡುವುದೊಂದೇ ಕೆಲಸ.

ಇನ್ನು ಪಾರಿ/ಜಿಪಿ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಆನ್ರಿ ಕೋಹೆನ್ ಮತ್ತು ಜೊತೆಗಾರರು ಶುರುಮಾಡಿದ್ದು, ಈಗಲೂ ಅಲ್ಲಿಂದಲೇ ನಡೆಯುತ್ತಿದೆ. ಹಣ ಕೊಡಬೇಕಿಲ್ಲ, ನೋಂದಣಿ ಇಲ್ಲ, ಜಾಹೀರಾತಿಲ್ಲ. ಉಬುಂಟುವಿನ ಸಾಫ್ಟ್‌ವೇರ್ ಭಂಡಾರದಲ್ಲಿ ‘ಪಾರಿ-ಜಿಪಿ’ ಎಂಬ ಹೆಸರಿನಲ್ಲಿದೆ (ನಡುವೆ ಅಡ್ಡಗೆರೆ). ಟರ್ಮಿನಲ್ಲಿನಲ್ಲಿ ಸುಡೋ, ಆ್ಯಪ್ಟ್, ಇನ್‌ಸ್ಟಾಲ್ ಎಂಬ ಮೂರು ಪದಗಳ ನಂತರ ಆ ಹೆಸರು ಕೊಟ್ಟರೆ ಆಯಿತು. ಪಾಸ್‌ವರ್ಡ್ ಕೇಳುತ್ತದೆ, ಶಾಲೆಯ ಎಸ್‌ಐಟಿಸಿ (ಐಟಿ ಸಂಯೋಜಕ) ಟೀಚರ್ ಬಳಿ ಇರುತ್ತದೆ. ಆಮೇಲೆ ಜಿಪಿ ಎಂದು ಬರೆದು ಎಂಟರ್ ಒತ್ತಿದರೆ ಪ್ರಶ್ನೆಚಿಹ್ನೆಯೊಂದು ಕಾದು ನಿಲ್ಲುತ್ತದೆ. ಅಷ್ಟೇ ಅದರ ಮುಖ. ಬಟನ್ನುಗಳಿಲ್ಲ, ಮೆನು ಇಲ್ಲ, ಕನ್ನಡವಂತೂ ಇಲ್ಲವೇ ಇಲ್ಲ. ಮೊದಲ ನೋಟಕ್ಕೆ ಮಕ್ಕಳು ಹಿಂಜರಿಯುವುದು ಸಹಜ.

ಬರೆಯುವ ನಿಯಮ ಇಷ್ಟು. ಆಜ್ಞೆಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದದೊಳಗೆ ಜಾಗ ಬಿಡದೆ. ಶೇಷದ ಲೆಕ್ಕಕ್ಕೆ ಬಳಸುವ ‘ಮಾಡ್’ನ ಮೊದಲ ಅಕ್ಷರ ಮಾತ್ರ ದೊಡ್ಡದು. ದೊಡ್ಡ ‘ಐ’ಯನ್ನು ಚರಾಕ್ಷರವಾಗಿ ಬಳಸಬಾರದು, ಜಿಪಿಯಲ್ಲಿ ಅದು -1ರ ವರ್ಗಮೂಲ. ಸಾಲಿನ ಕೊನೆಯಲ್ಲಿ ಅರ್ಧವಿರಾಮ ಹಾಕಿದರೆ ಲೆಕ್ಕ ನಡೆಯುತ್ತದೆ, ಉತ್ತರ ತೆರೆಗೆ ಬರುವುದಿಲ್ಲ. ಎರಡು ಹ್ಯಾಶ್ ಚಿಹ್ನೆ ಕೊಟ್ಟರೆ ಹಿಂದಿನ ಲೆಕ್ಕಕ್ಕೆ ಹಿಡಿದ ಸಮಯ ತೋರಿಸುತ್ತದೆ. ಹೊರಬರಲು ಹಿಂದಕ್ಕೆ ವಾಲಿದ ಗೆರೆ ಮತ್ತು ಕ್ಯೂ.

ಮೊದಲು ಪಿ=2^127-1 ಎಂದು ಕೊಟ್ಟುಕೊಳ್ಳಿ. ಆಮೇಲೆ ಇಸ್‌ಪ್ರೈಮ್(ಪಿ). ಉತ್ತರ 1, ಅಂದರೆ ಹೌದು. ಎಂಟರ್ ಒತ್ತಿದ ಬೆರಳು ಮೇಲೇಳುವ ಮೊದಲೇ ಬಂದಿರುತ್ತದೆ. ಇದರ ತಂಗಿಯಂಥ ಇನ್ನೊಂದು ಆಜ್ಞೆಯಿದೆ, ಇಸ್‌ಸ್ಯೂಡೋಪ್ರೈಮ್. ಅದೂ 1 ಎನ್ನುತ್ತದೆ. ಎರಡರ ವ್ಯತ್ಯಾಸ ತಿಳಿದುಕೊಳ್ಳದೆ ಈ ತಂತ್ರಾಂಶ ಬಳಸುವುದು ವ್ಯರ್ಥ. ಇಸ್‌ಸ್ಯೂಡೋಪ್ರೈಮ್ ನಡೆಸುವುದು ಬೈಲಿ-ಪೊಮೆರನ್ಸ್-ಸೆಲ್ಫ್ರಿಜ್-ವಾಗ್‌ಸ್ಟಾಫ್ ಪರೀಕ್ಷೆ. 2^64ಕ್ಕಿಂತ ಕೆಳಗೆ ಅದು ಒಮ್ಮೆಯೂ ತಪ್ಪುವುದಿಲ್ಲ ಎಂದು ಪರಿಶೀಲಿಸಿ ಆಗಿದೆ. ಅದಕ್ಕಿಂತ ಮೇಲೆ ತಪ್ಪಿದ ಉದಾಹರಣೆ ಇದುವರೆಗೆ ಯಾರಿಗೂ ಸಿಕ್ಕಿಲ್ಲ, ಆದರೆ ತಪ್ಪುವುದೇ ಇಲ್ಲ ಎಂಬ ಸಾಧನೆಯೂ (ಗಣಿತದ ಪುರಾವೆಯೂ) ಇಲ್ಲ. ಇಸ್‌ಪ್ರೈಮ್ ಆ ಪರೀಕ್ಷೆಯನ್ನು ದಾಟಿಸಿ, ಅದರ ಮೇಲೆ ಗಣಿತದ ಸಾಧನೆಯನ್ನೂ ಕಟ್ಟುತ್ತದೆ. ತೀರ್ಪುಗಾರರ ಪ್ರಶ್ನೆಗೆ ನೇರ ಉತ್ತರ ಇಸ್‌ಪ್ರೈಮ್‌ನಲ್ಲಿದೆ. ಒಂದು ಎಚ್ಚರಿಕೆ: ಜಿಪಿಯ ‘ಫ್ಯಾಕ್ಟರ್’ ಮತ್ತು ‘ನೆಕ್ಸ್ಟ್‌ಪ್ರೈಮ್’ ಕೊಡುವ ದೊಡ್ಡ ಅವಿಭಾಜ್ಯಗಳು ಸುಮ್ಮನೆ ಬಿಟ್ಟರೆ ಇಸ್‌ಸ್ಯೂಡೋಪ್ರೈಮ್ ಬಗೆಯವು, ಪರೀಕ್ಷೆ ದಾಟಿದವು ಮಾತ್ರ. ಚಾರ್ಟಿಗೆ ಏರಿಸುವ ಮೊದಲು ಒಂದೊಂದನ್ನೂ ಇಸ್‌ಪ್ರೈಮ್‌ಗೆ ಕೊಡಬೇಕು.

ಮಕ್ಕಳು ತಾವೇ ಪರೀಕ್ಷೆ ಮಾಡಲು ಹೊರಟಾಗ ಎಡವುವ ಜಾಗಗಳು ಎರಡು. ಫರ್ಮಾನ ಪ್ರಮೇಯ (ಪಿ 2ಕ್ಕಿಂತ ದೊಡ್ಡ ಅವಿಭಾಜ್ಯವಾದರೆ 2^(ಪಿ-1)ನ್ನು ಪಿಯಿಂದ ಭಾಗಿಸಿದಾಗ ಶೇಷ 1) ಗೊತ್ತಿರುವವರು 2^(ಪಿ-1)%ಪಿ ಎಂದು ಬರೆಯುತ್ತಾರೆ. ಜಿಪಿ ಘಾತವನ್ನು ಪೂರ್ತಿ ಬಿಡಿಸಿ ಆಮೇಲೆ ಶೇಷ ತೆಗೆಯಲು ಹೋಗುತ್ತದೆ. ಆ ಘಾತದಲ್ಲಿರುವ ಅಂಕೆಗಳ ಸಂಖ್ಯೆಯೇ 5ರ ಮುಂದೆ 37 ಸೊನ್ನೆ ಬರೆದಷ್ಟು. ‘ಓವರ್‌ಫ್ಲೋ’ ಎಂದು ಬೈದು ನಿಲ್ಲುತ್ತದೆ, ಅದರ ತಪ್ಪಲ್ಲ. ಬರೆಯಬೇಕಾದದ್ದು ಮಾಡ್(2,ಪಿ)^(ಪಿ-1). ಹೀಗೆ ಬರೆದರೆ ಪ್ರತಿ ಗುಣಾಕಾರದ ನಂತರವೂ ಶೇಷವನ್ನಷ್ಟೇ ಉಳಿಸಿಕೊಂಡು ಮುಂದೆ ಹೋಗುತ್ತದೆ, 39 ಅಂಕೆ ದಾಟುವುದೇ ಇಲ್ಲ.

ಎರಡನೆಯ ಎಡವು ಗುಟ್ಟಾದದ್ದು. ಮೇಲಿನ ಲೆಕ್ಕಕ್ಕೆ 1 ಬಂತು, ಆದ್ದರಿಂದ ಅವಿಭಾಜ್ಯ ಎಂದು ಬರೆದುಬಿಡುತ್ತಾರೆ. 2^11-1, ಅಂದರೆ 2047 ಕೊಟ್ಟರೂ 1 ಬರುತ್ತದೆ. 2047 ಎಂದರೆ 23×89. ಎಂ=2^ಕ್ಯೂ-1 ಎಂಬ ಸಂಖ್ಯೆಯಿಂದ ಭಾಗಿಸುವಾಗ 2ರ ಕ್ಯೂನೇ ಘಾತದ ಶೇಷ ಹೇಗೂ 1. ಕ್ಯೂ ಅವಿಭಾಜ್ಯವಾಗಿದ್ದರೆ ಎಂ-1 ಕ್ಯೂನಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಾಗಿ ಈ ಜಾತಿಯ ಸಂಖ್ಯೆಗಳೆಲ್ಲ ಆಧಾರ 2ರ ಪರೀಕ್ಷೆಯಲ್ಲಿ ಪುಕ್ಕಟೆ ಪಾಸು. ಆಧಾರ 3 ಹಿಡಿಯಿರಿ: ಮಾಡ್(3,2047)^2046 ಒಂದಕ್ಕೆ ಸಮವಲ್ಲ, ಕಳ್ಳ ಸಿಕ್ಕಿಬಿದ್ದ.

2^ಕ್ಯೂ-1 ರೂಪದ ಈ ಮರ್ಸೆನ್ ಸಂಖ್ಯೆಗಳಿಗೆ ಸಲ್ಲುವ ಪರೀಕ್ಷೆ ಲ್ಯೂಕಾ-ಲೆಹ್ಮರ್. 4ರಿಂದ ಹೊರಟು ವರ್ಗ ಮಾಡಿ 2 ಕಳೆಯುವುದು, 2^ಕ್ಯೂ-1ರಿಂದ ಭಾಗಿಸಿ ಶೇಷ ಉಳಿಸಿಕೊಳ್ಳುವುದು, ಹೀಗೆ ಕ್ಯೂ-2 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ನಡುವೆ ಅನುಮಾನಕ್ಕೆ ಎಡೆಯಿಲ್ಲ. ಕ್ಯೂ 7 ಆದಾಗ ಸಂಖ್ಯೆ 127. ಹೆಜ್ಜೆಗಳು: 4, 14, 67, 42, 111, 0. ಕೈಯಲ್ಲೇ ಮಾಡಿ ನೋಡಬಹುದು: 14ರ ವರ್ಗ 196, ಎರಡು ಕಳೆದರೆ 194, 127 ತೆಗೆದರೆ 67. ಕೊನೆಯದು ಚೆನ್ನ: 111ರ ವರ್ಗ 12321, ಎರಡು ಕಳೆದರೆ 12319, ಅದು ಸರಿಯಾಗಿ 127×97. ಇದೇ ಕ್ರಮ 2047ಕ್ಕೆ ಹಿಡಿದರೆ ಒಂಬತ್ತನೇ ಹೆಜ್ಜೆಯಲ್ಲಿ 1736 ಬಂದು ನಿಲ್ಲುತ್ತದೆ. ಜಿಪಿಯಲ್ಲಿ ದೊಡ್ಡದಕ್ಕೆ ಒಂದೇ ಸಾಲು ಸಾಕು: ಎಸ್=ಮಾಡ್(4,2^127-1); ಫಾರ್(ಐ=1,125,ಎಸ್=ಎಸ್^2-2); ಎಸ್. ತೆರೆಯ ಮೇಲೆ ಶೇಷ 0 ಬರುತ್ತದೆ. 125ರ ಬದಲು 127 ಹಾಕಿದವರಿಗೆ ಸೊನ್ನೆ ಸಿಗುವುದಿಲ್ಲ: ಸೊನ್ನೆಯ ನಂತರ -2, ಅದರ ನಂತರ 2, ಆಮೇಲೆ ಎಂದೆಂದಿಗೂ 2. ಉತ್ತರ 2 ಕಂಡರೆ ಸಂಖ್ಯೆಯನ್ನು ಬೈಯುವ ಮೊದಲು ಹೆಜ್ಜೆ ಎಣಿಸಿ.

ಗುಣಗಳನ್ನು ಕೇಳುವುದರಲ್ಲಿ ಪಾರಿಗೆ ಸಾಟಿಯಿಲ್ಲ. ಫ್ಯಾಕ್ಟರ್(ಪಿ-1) ಕೊಟ್ಟರೆ ಎರಡು ಕಂಬಸಾಲಿನಲ್ಲಿ ಉತ್ತರ: ಎಡಕ್ಕೆ ಅವಿಭಾಜ್ಯಗಳು, ಬಲಕ್ಕೆ ಘಾತಗಳು. 2, 3^3, 7^2, 19, 43, 73, 127, 337, 5419, 92737, 649657, 77158673929. ಹನ್ನೆರಡು ಬೇರೆ ಬೇರೆ ಅವಿಭಾಜ್ಯಗಳು, ದೊಡ್ಡದು ಕೂಡ 11 ಅಂಕೆಯದ್ದು. ಇಸ್‌ಪ್ರೈಮ್ ಇಷ್ಟು ಬೇಗ ಸಾಧನೆ ಕಟ್ಟಲು ಈ ಚೂರುಗಳು ಅನುಕೂಲ: ಪಿ-1ರ ಸಾಕಷ್ಟು ಭಾಗ ಒಡೆದರೆ ಪಿ ಅವಿಭಾಜ್ಯವೆಂದು ತೋರಿಸುವ ಪೊಕ್ಲಿಂಗ್ಟನ್-ಲೆಹ್ಮರ್ ವಿಧಾನ ಅದರೊಳಗಿದೆ.

ಝಡ್‌ಎನ್‌ಆರ್ಡರ್(ಮಾಡ್(2,ಪಿ)) ಎಂದರೆ 127. ಎರಡನ್ನು ಎಷ್ಟು ಸಲ ಗುಣಿಸಿದರೆ ಶೇಷ ಮತ್ತೆ 1ಕ್ಕೆ ಮರಳುತ್ತದೆ ಎಂಬ ಲೆಕ್ಕ ಅದು. 39 ಅಂಕೆಯ ಸಂಖ್ಯೆಗೆ ಇಷ್ಟು ಚಿಕ್ಕ ಸುತ್ತು! ಇದರಿಂದ ಇನ್ನೊಂದು ಚೆಂದದ ಸಂಗತಿ ಹೊರಡುತ್ತದೆ. 2^127ರ ಶೇಷ 1 ಆದ್ದರಿಂದ 2^128ರ ಶೇಷ 2. ಅಂದರೆ 2^64ರ ವರ್ಗದ ಶೇಷ 2. ಈ ಸಂಖ್ಯೆಯ ಲೋಕದಲ್ಲಿ 2ರ ವರ್ಗಮೂಲ 18446744073709551616 ಎಂಬ ಪೂರ್ಣಾಂಕ, ದಶಮಾಂಶದ ರಗಳೆಯಿಲ್ಲ. ಎಸ್‌ಕ್ಯೂಆರ್‌ಟಿ(ಮಾಡ್(2,ಪಿ)) ಕೊಟ್ಟು ತಾಳೆ ನೋಡಿ; ಅದೇ ಬರಬಹುದು, ಪಿಯಿಂದ ಅದನ್ನು ಕಳೆದದ್ದೂ ಬರಬಹುದು, ಎರಡೂ ಸರಿ. 3ರ ವರ್ಗಮೂಲ ಕೇಳಿದರೆ ದೋಷಸಂದೇಶ ಬರುತ್ತದೆ. ತಂತ್ರಾಂಶ ಕೆಟ್ಟದ್ದಲ್ಲ, 3ಕ್ಕೆ ಇಲ್ಲಿ ವರ್ಗಮೂಲವೇ ಇಲ್ಲ. ಮೊದಲೇ ತಿಳಿಯಲು ಕ್ರೋನೆಕರ್(3,ಪಿ) ಕೇಳಬೇಕು: 1 ಎಂದರೆ ಇದೆ, -1 ಎಂದರೆ ಇಲ್ಲ. ಉತ್ತರ -1. ಕ್ರೋನೆಕರ್(10,ಪಿ) ಕೂಡ -1. ಆದ್ದರಿಂದ 1ನ್ನು ಈ ಸಂಖ್ಯೆಯಿಂದ ಭಾಗಿಸಿದಾಗ ಬರುವ ಆವರ್ತ ದಶಮಾಂಶದ ಉದ್ದ ಸಮಸಂಖ್ಯೆಯೇ ಆಗಿರಬೇಕು. ಆ ಉದ್ದ ಪಿ-1ನ್ನು ಭಾಗಿಸಲೂ ಬೇಕು. ಪೂರ್ತಿ ಉದ್ದ ಬೇಕಾದವರು ಝಡ್‌ಎನ್‌ಆರ್ಡರ್‌ಗೆ 2ರ ಬದಲು 10 ಕೊಡಲಿ. ಏಳರಿಂದ ಭಾಗಿಸಿದಾಗ ಬರುವ 142857ನ್ನು ತರಗತಿಯಲ್ಲಿ ನೋಡಿದ ಮಕ್ಕಳಿಗೆ ಇದು ಕೂಡಲೇ ಹಿಡಿಸುತ್ತದೆ.

ಪಿಯನ್ನು 4ರಿಂದ ಭಾಗಿಸಿದರೆ ಶೇಷ 3, ಹಾಗಾಗಿ ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. 2^126ರಿಂದ ಗುಣಿಸಿದರೆ 77 ಅಂಕೆಯ ಪರಿಪೂರ್ಣ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮವಾದದ್ದು), ಸಾಲಿನಲ್ಲಿ ಹನ್ನೆರಡನೆಯದು. ಇವು ಚಾರ್ಟಿನ ಮೂಲೆ ತುಂಬಿಸಲು ಸಾಕು.

ನಕಲು ಮಾಡುವಾಗಿನ ತಪ್ಪಿಗೆ ಬೇರೆ ಮಾತು ಬೇಕು, ಏಕೆಂದರೆ ಬಹುಪಾಲು ಚಾರ್ಟುಗಳು ಸೋಲುವುದು ಅಲ್ಲೇ. ಪಿಡಿಎಫ್ ಅಥವಾ ವಾಟ್ಸಾಪಿನಿಂದ ಎತ್ತಿಕೊಂಡರೆ ಮೇಲೆ ಕೂತಿದ್ದ ಘಾತ ಕೆಳಗಿಳಿದು 2127-1 ಆಗುತ್ತದೆ. ಜಿಪಿ ಅದನ್ನು 2126 ಎಂದು ಓದಿ ನಿರ್ವಿಕಾರವಾಗಿ 0 ಎನ್ನುತ್ತದೆ. ಕಳೆಯುವ ಚಿಹ್ನೆಯೂ ಅಷ್ಟೇ: ಅಂದವಾಗಿ ಮುದ್ರಿಸಿದ ಉದ್ದ ಗೆರೆ ಜಿಪಿಗೆ ಗೊತ್ತಿಲ್ಲ, ಕೀಲಿಮಣೆಯ ಚಿಕ್ಕ ಗೆರೆಯೇ ಬೇಕು. ಕೈಯಿಂದ ಚಾರ್ಟಿಗೆ ಇಳಿಸಿದ ಮೇಲೆ ಅಂಕೆಗಳನ್ನು ಕೂಡಿಸಿ: 154 ಬರಬೇಕು. ಜಿಪಿಯಲ್ಲಿ ಸಮ್‌ಡಿಜಿಟ್ಸ್(ಪಿ) ಅದನ್ನೇ ಕೊಡುತ್ತದೆ. ಆದರೆ ಅಕ್ಕಪಕ್ಕದ ಎರಡು ಅಂಕೆ ಅದಲುಬದಲಾದರೆ ಮೊತ್ತ ಬದಲಾಗದು. ಅದಕ್ಕೆ ಒಂದು ಬಿಟ್ಟು ಒಂದು ಕೂಡಿಸಬೇಕು: 1, 3, 5ನೇ ಸ್ಥಾನ ಹೀಗೆ ಹಿಡಿದರೆ 80, 2, 4, 6ನೇ ಸ್ಥಾನಗಳದ್ದು 74. ಎರಡೂ ತಾಳೆಯಾದರೆ ಸ್ಕೆಚ್ ಪೆನ್ನಿನ ಮುಚ್ಚಳ ಹಾಕಬಹುದು.

ಪಾರಿಯ ಕುಂದುಗಳೂ ಕಡಿಮೆಯಿಲ್ಲ. ದೋಷಸಂದೇಶಗಳು ಗಣಿತಜ್ಞರಿಗಾಗಿ ಬರೆದಂತಿವೆ. ತಪ್ಪಾದಾಗ ಒಮ್ಮೊಮ್ಮೆ ಪ್ರಶ್ನೆಚಿಹ್ನೆಯ ಬದಲು ‘ಬ್ರೇಕ್’ ಎಂಬ ಸೂಚಕಕ್ಕೆ ಬಂದು ನಿಲ್ಲುತ್ತದೆ. ಕಂಪ್ಯೂಟರ್ ಹಾಳಾಯಿತೆಂದು ಮುಚ್ಚಬೇಕಿಲ್ಲ. ಕಂಟ್ರೋಲ್ ಮತ್ತು ಡಿ ಒತ್ತಿದರೆ ಮೊದಲಿನ ಜಾಗಕ್ಕೆ ಮರಳುತ್ತದೆ. ದೊಡ್ಡ ಲೆಕ್ಕಕ್ಕೆ ‘ಸ್ಟ್ಯಾಕ್ ಓವರ್‌ಫ್ಲೋ’ ಎಂದರೆ ಅದು ತಾನಾಗಿ ಇಟ್ಟುಕೊಂಡ ಜ್ಞಾಪಕ ಸಾಲದು ಎಂದರ್ಥ, ಅಲೊಕೇಟ್‌ಮೆಮ್() ಕೊಟ್ಟರೆ ಅದು ಇಮ್ಮಡಿಯಾಗುತ್ತದೆ. ಝಡ್‌ಎನ್‌ಆರ್ಡರ್ ಆಜ್ಞೆ ಒಳಗೊಳಗೇ ಪಿ-1ನ್ನು ಒಡೆಯುತ್ತದೆ. 2^127-1ಕ್ಕೆ ಅದು ಸುಲಭ. ವಾಟ್ಸಾಪಿನ ಬೀಗದಲ್ಲಿ ಬಳಕೆಯಲ್ಲಿರುವ 2^255-19ಕ್ಕೂ ತೊಂದರೆಯಿಲ್ಲ, ಅದರ ಪಿ-1 ಎಂದರೆ 4, 3, 65147 ಮತ್ತು 71 ಅಂಕೆಯ ಒಂದು ಅವಿಭಾಜ್ಯದ ಗುಣಲಬ್ಧ. ಮುನ್ನೂರು ಅಂಕೆಯ ಯಾವುದೋ ಅವಿಭಾಜ್ಯ ಹಿಡಿದು ಇದನ್ನೇ ಕೇಳಿದರೆ ಮಾತ್ರ ಮಧ್ಯಾಹ್ನದ ಊಟ ಮುಗಿಸಿ ಬಂದರೂ ಉತ್ತರವಿರದು. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಸಾವಿರಾರು ಅಂಕೆಯ ಸಂಖ್ಯೆಗೆ ಮೊದಲು ಇಸ್‌ಸ್ಯೂಡೋಪ್ರೈಮ್, 1 ಬಂದರೆ ಮಾತ್ರ ಇಸ್‌ಪ್ರೈಮ್. ಉಲ್ಟಾ ಮಾಡಬೇಡಿ.

ಲ್ಯಾಬ್ ಸಿಗದ ದಿನಗಳಿಗೆ ಎರಡು ದಾರಿ. ಪಾರಿಯ ತಾಣದಲ್ಲಿ ಬ್ರೌಸರಿನೊಳಗೇ ಓಡುವ ರೂಪವಿದೆ. ಲೆಕ್ಕ ನಡೆಯುವುದು ನಿಮ್ಮ ಯಂತ್ರದಲ್ಲೇ, ಹಾಗಾಗಿ ಪುಟ ತೆರೆದ ಮೇಲೆ ನೆಟ್‌ವರ್ಕ್ ಹೋದರೂ ಚಿಂತೆಯಿಲ್ಲ. ಪುಟ ಮತ್ತೆ ಲೋಡ್ ಆದರೆ ಮಾತ್ರ ಕೊಟ್ಟುಕೊಂಡ ಪಿಯೂ ಎಸ್ಸೂ ಮರೆತುಹೋಗುತ್ತವೆ. ಆಂಡ್ರಾಯ್ಡಿಗೆ ಪಾರಿಡ್ರಾಯ್ಡ್ ಇದೆ. ಅದರ ಶತ್ರು ಫೋನಿನ ಕೀಲಿಮಣೆ: ಸಾಲಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿದರೆ ಇಸ್‌ಪ್ರೈಮ್ ಎಂಬ ಆಜ್ಞೆಯೇ ಇಲ್ಲ ಎನ್ನುತ್ತದೆ, ಘಾತದ ಚಿಹ್ನೆಗಾಗಿ ಎರಡು ಪುಟ ಒಳಗೆ ಹೋಗಬೇಕು. ಸ್ವಯಂ ತಿದ್ದುಪಡಿಯನ್ನು ಮೊದಲೇ ಆಫ್ ಮಾಡಿಡಿ. ಚಾರ್ಟಿನ ಲೆಕ್ಕಕ್ಕೆ ಫೋನ್ ಸಾಕು, ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ಮಕ್ಕಳು ಪ್ರಾಜೆಕ್ಟ್ ಮಾಡುವುದಾದರೆ ಲ್ಯಾಪ್‌ಟಾಪೇ ಸರಿ.

ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ 2^136279841-1. 2024ರ ಅಕ್ಟೋಬರಿನಲ್ಲಿ ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಯೋಜನೆಯ ಮೂಲಕ ಲ್ಯೂಕ್ ಡ್ಯುರಾಂಟ್‌ಗೆ ಸಿಕ್ಕಿದ್ದು, 4,10,24,320 ಅಂಕೆಗಳು. ಇದನ್ನು ಪಾರಿಯಲ್ಲಿ ಪರೀಕ್ಷಿಸಲು ಹೋಗಬೇಡಿ, ಅದು ಪ್ರೈಮ್95ರಂಥ ಬೇರೆ ತಂತ್ರಾಂಶಗಳ ಕೆಲಸ, ಶಾಲೆಯ ಲ್ಯಾಪ್‌ಟಾಪಿನದಂತೂ ಅಲ್ಲ. ಆದರೆ ಅದರ ಕೊನೆಯ ಅಂಕೆಗಳನ್ನು ಪಾರಿ ಥಟ್ಟನೆ ಹೇಳುತ್ತದೆ: ಮಾಡ್(2,10^10)^136279841-1 ಕೊಟ್ಟರೆ ಕೊನೆಯ ಹತ್ತು ಅಂಕೆ ಸಿಗುತ್ತವೆ, ಬಾಲದಲ್ಲಿ 51. ಮೊದಲ ಅಂಕೆಗಳಿಗೆ ಘಾತವನ್ನು 2ರ (10ರ ಆಧಾರದ) ಲಾಗರಿದಮ್ಮಿನಿಂದ ಗುಣಿಸಬೇಕು: 41024319.94 ಚಿಲ್ಲರೆ. ಪೂರ್ಣಾಂಕಕ್ಕೆ ಒಂದು ಸೇರಿಸಿದರೆ ಅಂಕೆಗಳ ಲೆಕ್ಕ, ದಶಮಾಂಶದ ಭಾಗಕ್ಕೆ 10ರ ಘಾತ ತೆಗೆದರೆ 8.8, ಅಂದರೆ ಸಂಖ್ಯೆ 88 ಎಂದು ಶುರುವಾಗುತ್ತದೆ.